ಒಂದು ಗೇಣು ಎಡಕ್ಕೆ

ಹಿಫ್ಜಿ ಉಸ್ತಾ ಬಿಲ್ಲು ತಂದದ್ದು ಮಂಗಳವಾರ,
ಇಜ್ಮಿರಿನ ಬಿಸಿಲು ನನ್ನ ಬಾಲ್ಕನಿಯ ಬಟ್ಟೆಗಳನ್ನು
ಹಪ್ಪಳ ಮಾಡುತ್ತಿದ್ದ ಹೊತ್ತು.
ನಾಲ್ಕು ಮಹಡಿ ಹತ್ತಿ ಬಂದಿದ್ದ, ಏದುಸಿರು.
ನೀರು ಕೊಟ್ಟೆ. ಕುಡಿದು
ಲೋಟದ ಅಡಿಗೆ ಕಾಗದ ಸಿಕ್ಕಿಸಿಟ್ಟ
ಗಾಳಿಗೆ ಹಾರದ ಹಾಗೆ,
ಅಥವಾ ನಾನು ತಕ್ಷಣ ಓದದ ಹಾಗೆ.

ಓದಿದೆ. ಇಪ್ಪತ್ತೇಳು ಸಾವಿರದ ಮುನ್ನೂರು ಲಿರಾ.

"ಹದಿನೆಂಟೂವರೆ ಸಾವಿರ ಅಂದಿದ್ದೆಯಲ್ಲ?"
"ಅಂದಿರಬಹುದು, ಮುಅಲ್ಲಾ ಅಕ್ಕ."
ಅಂದಿರಬಹುದು!
ಅಡ್ಡಗೋಡೆಯ ಮೇಲೆ ದೀಪ ಇಡುವುದು
ಕೊಳಾಯಿ ಕೆಲಸದವರಿಗೆ ಯಾರು ಕಲಿಸುತ್ತಾರೋ.

ಮೂವತ್ತೊಂದು ವರ್ಷ ಔಷಧದಂಗಡಿಯಲ್ಲಿ ನಿಂತವಳು ನಾನು.
ಊರಿನ ಅಷ್ಟೂ ವೈದ್ಯರ
ಕಾಗೆಕಾಲು ಗುಬ್ಬಿಕಾಲು ಬಿಡಿಸಿ ಓದಿದವಳಿಗೆ
ಇವನ ಬಿಲ್ಲು ಯಾವ ಲೆಕ್ಕ?
ಕನ್ನಡಕ ಏರಿಸಿ ಕೂತೆ.

"ಪೈಪು ಆರು ಸಾವಿರದ ನಾನೂರು?"
"ಡಾಲರ್ ಏರಿತಲ್ಲ."
"ನನ್ನ ನಲ್ಲಿಯಲ್ಲಿ ಬರುವುದು ನೀರು, ಉಸ್ತಾ."
"ಮಹಡಿ ಹತ್ತಿಸಿದ ಕೂಲಿ ಸಾವಿರದ ಆರುನೂರು?"
"ನಾಲ್ಕು ಮಹಡಿ, ಅಕ್ಕ."
"ನೀನು ಬೆಲೆ ಹೇಳಿದ ದಿನ
ನನ್ನ ಮನೆ ನೆಲದ ಮೇಲಿತ್ತೇ?"
ಬಾಗಿಲಲ್ಲಿ ನಿಂತ ಸಹಾಯಕ ಹುಡುಗ ಯೆಕ್ತಾ
ನಗು ತಡೆಯಲಾರದೆ ಕೆಮ್ಮಿದ.
"ಇತರೆ, ಸಾವಿರದ ಎಂಟುನೂರು.
ಇತರೆ ಅಂದರೆ ಏನು?"
ಉಸ್ತಾ ಮೀಸೆ ತೀಡಿ
ಕಿಟಕಿಯಾಚೆ ಕೊಲ್ಲಿಯ ಕಡೆ ನೋಡಿದ,
ಇತರೆ ಅನ್ನುವುದು ಈಗಷ್ಟೇ ದೋಣಿ ಹತ್ತಿ ಹೋದ ಹಾಗೆ.

"ಬರಹದಲ್ಲಿ ಇದೆಯೇ?" ಎಂದ ಕೊನೆಗೆ,
ತಣ್ಣಗೆ.

ಇತ್ತು.
ಜೂನ್ ತಿಂಗಳಲ್ಲಿ, ಹಳೆಯ ಟೈಲು ಕಿತ್ತು
ಬಚ್ಚಲಿನ ಗೋಡೆ ಬೋಳಾಗಿದ್ದಾಗ,
ಕಾಗದ ಹುಡುಕಿ ಜೇಬು ತಡಕಾಡುತ್ತಿದ್ದವನಿಗೆ
ಗೋಡೆಯ ಮೇಲೇ ಬರಿ ಎಂದವಳು ನಾನೇ.
ಕಿವಿಯ ಸಂದಿಯ ಪೆನ್ಸಿಲ್ ತೆಗೆದು ಬರೆದ,
ಕೆಳಗೆ ಎರಡು ಗೆರೆ ಎಳೆದ.
ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆವು,
ಹುಟ್ಟಿದ ಮಗುವಿನ ಮೂಗು ಯಾರ ಹಾಗಿದೆ ಎಂದು ನೋಡುವವರಂತೆ.
ಆಮೇಲೆ ಸಿಮೆಂಟು ಬಂತು.
ಆಮೇಲೆ ತಿಳಿನೀಲಿ ಟೈಲು ಬಂತು.
ಗೋಡೆಗೂ ಕಿವಿ ಇರುತ್ತದಂತೆ;
ಈ ಗೋಡೆಗೆ ಬಾಯೂ ಇತ್ತು,
ಇವನೇ ಗಾರೆ ಮೆತ್ತಿ ಮುಚ್ಚಿದ್ದ.

ಒಡೆದರೆ ನನ್ನದೇ ಟೈಲು.
ಮತ್ತೆ ಹಚ್ಚಲು ಇವನೇ ಬರಬೇಕು,
ಈ ವಾರದ ಡಾಲರಿನ ಜೊತೆ.
ಗೊತ್ತಿತ್ತು. ಆದರೂ
ಅಡಿಗೆಮನೆಗೆ ಹೋಗಿ
ಅಕ್ರೋಟು ಒಡೆಯುವ ಸುತ್ತಿಗೆ ತಂದೆ.
ಬಚ್ಚಲಿಗೆ ನಡೆದೆ. ಇಬ್ಬರೂ ಹಿಂದೆ ಬಂದರು.
ಕನ್ನಡಿಯ ಪಕ್ಕದ ಟೈಲಿಗೆ ಗುರಿಯಿಟ್ಟು ಕೈ ಎತ್ತಿದೆ.

"ಅಯ್ಯೋ ಅಲ್ಲಲ್ಲ, ಅಲ್ಲಿ ಅಲ್ಲ!
ಒಂದು ಗೇಣು ಎಡಕ್ಕೆ—"

ಎಂದುಬಿಟ್ಟ.

ಹೊಸ ನಲ್ಲಿ ತೊಟ್ಟಿಕ್ಕುತ್ತಿರಲಿಲ್ಲ
(ಕೆಲಸ ಮಾತ್ರ ಚೊಕ್ಕ, ಸುಳ್ಳು ಹೇಳಬಾರದು)
ಹಾಗಾಗಿ ಆ ಮೌನಕ್ಕೆ
ಕೈಹಿಡಿಯಲು ಒಂದು ಹನಿ ಸದ್ದೂ ಇರಲಿಲ್ಲ.
ಉಸ್ತಾನ ಕಿವಿ ಕೆಂಪಗಾಯಿತು,
ಪೆನ್ಸಿಲ್ ಇದ್ದ ಕಿವಿ ಮೊದಲು.

ಸುತ್ತಿಗೆಯನ್ನು ಸೋಪಿನ ಪಕ್ಕ ಇಟ್ಟೆ.
ಚಹಾ ಇಟ್ಟೆ.
ವಾಲ್ವಿನ ಸಾವಿರದ ಇನ್ನೂರು ನಾನೇ ಸೇರಿಸಿದೆ:
ಹಳೆಯದು ತುಕ್ಕು ಹಿಡಿದು ಬೆರಳಲ್ಲೇ ಪುಡಿಯಾದದ್ದನ್ನು
ಅಂಗೈಯಲ್ಲಿಟ್ಟು ತೋರಿಸಿದ್ದ,
ನೋಡಿದ ಕಣ್ಣು ಇಲ್ಲ ಅನ್ನುವುದು ಹೇಗೆ?
ಹತ್ತೊಂಬತ್ತು ಸಾವಿರದ ಏಳುನೂರು.
ಎಣಿಸಿ ಕೊಟ್ಟೆ. ಅವನು ಎಣಿಸಲಿಲ್ಲ.
ಸಿಮೆಂಟಿನ ಮೂಟೆ ಹೊತ್ತವನು ಯೆಕ್ತಾ;
ಅವನ ಕೈಗೆ ಬೇರೆ ಮುನ್ನೂರು,
ಬಿಲ್ಲಿನಲ್ಲಿ ಇಲ್ಲದ್ದು.

ಈಗ ಮುಖ ತೊಳೆಯುವಾಗಲೆಲ್ಲ
ಕನ್ನಡಿಯಿಂದ ಒಂದು ಗೇಣು ಎಡಕ್ಕೆ
ಕಣ್ಣು ಹೋಗುತ್ತದೆ.
ರೊಟ್ಟಿಯ ಬೆಲೆ ನಿನ್ನೆ ಮತ್ತೆ ಏರಿತು.
ಆ ತಿಳಿನೀಲಿಯ ಹಿಂದೆ ಮಾತ್ರ
ಇನ್ನೂ ಜೂನ್ ತಿಂಗಳು,
ಕೆಳಗೆ ಎರಡು ಗೆರೆ.